ನರ್ಸಮ್ಮನಿಗೆ ಎರಡೇಟು

ಕೈಕೂಸು ಅತ್ತರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಹಸಿವು ಎನ್ನುತ್ತಾಳೆ ತಾಯಿ. ಹೊಟ್ಟೆಯಲ್ಲಿ ವಾಯು ಸೇರಿದೆ ಎನ್ನುತ್ತಾಳೆ ಅಜ್ಜಿ. ಇರುವೆ ಕಚ್ಚಿರಬೇಕು, ಬಟ್ಟೆ ಬಿಚ್ಚಿ ನೋಡಿ ಎಂದು ಅಡುಗೆಮನೆಯಿಂದ ಇನ್ನೊಂದು ದನಿ. ಸೆಕೆ ಆಗಿದೆ, ಇಲ್ಲ ಚಳಿ ಆಗಿದೆ, ಕುಲಾವಿ ಬಿಗಿಯಾಗಿದೆ, ಮೊನ್ನೆ ಬಂದಿದ್ದರಲ್ಲ ಅವರ ಕಣ್ಣು ಬಿದ್ದಿದೆ. ಅಷ್ಟರಲ್ಲಿ ಮಗು ತಾನಾಗಿಯೇ ಸುಮ್ಮನಾಗುತ್ತದೆ. ತಾನು ಹೇಳಿದ್ದೇ ಸರಿ ಎಂದುಕೊಂಡು ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಈ ತಲೆಬಿಸಿ ಇಲ್ಲದ ದಿನ ಒಂದೇ ಒಂದು. ಅದು ಲಸಿಕೆ ಹಾಕಿಸಿದ ದಿನ. ಅವತ್ತು ಕಾರಣ ಎಲ್ಲರಿಗೂ ಗೊತ್ತು. ತೊಡೆಯ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ ಇದೆ. ತಾಯಿ ಕಾರ್ಡಿನಲ್ಲಿ ತಾರೀಖು ಸಮೇತ ಬರೆದಿದೆ. ಊಹೆಗೆ ಜಾಗವೇ ಇಲ್ಲ. ಹಾಗಾದರೆ ಅವತ್ತು ಮನೆ ಶಾಂತವಾಗಿರಬೇಕು, ಅಲ್ವಾ? ಇಲ್ಲ. ಅವತ್ತೇ ಎಲ್ಲ ದಿನಕ್ಕಿಂತ ಜಾಸ್ತಿ ಗದ್ದಲ. ಯಾಕೆಂದರೆ ಅಳುವ ಮಗುವನ್ನು ಸಮಾಧಾನ ಮಾಡಲು ನಮ್ಮ ಜನಕ್ಕೆ ಕಾರಣ ಗೊತ್ತಾದರೆ ಸಾಲದು. ಆರೋಪಿಯೊಬ್ಬರು ಬೇಕು.

ಇದು ನಮ್ಮ ಹಳೆಯ ಪದ್ಧತಿ. ಮಗು ಹೊಸ್ತಿಲು ಎಡವಿ ಬಿತ್ತು ಅನ್ನಿ. ಎತ್ತಿಕೊಂಡ ಕೂಡಲೇ ಅಜ್ಜಿ ಕೇಳುವ ಮೊದಲ ಪ್ರಶ್ನೆ, 'ಯಾರು ಬೀಳಿಸಿದ್ದು ನನ್ನ ಬಂಗಾರಾನ?' ಉತ್ತರಕ್ಕೆ ಕಾಯುವುದಿಲ್ಲ. ಬಗ್ಗಿ ಹೊಸ್ತಿಲಿಗೇ ಎರಡು ಬಾರಿಸುತ್ತಾಳೆ. 'ನೋಡು, ಹೊಡೆದೆ. ಇನ್ನು ಅದು ನಿನ್ನ ತಂಟೆಗೆ ಬರಲ್ಲ.' ಮಗು ಕಣ್ಣೀರಿನ ನಡುವೆ ಹೊಸ್ತಿಲನ್ನು ನೋಡಿ ತೃಪ್ತಿಪಡುತ್ತದೆ. ಹೀಗೆ ಏಟು ತಿಂದ ಗೋಡೆಗಳೆಷ್ಟು, ಮಂಚದ ಕಾಲುಗಳೆಷ್ಟು, ಮಣೆಗಳೆಷ್ಟು! ವಿಚಾರಣೆ ಇಲ್ಲ, ವಕೀಲರಿಲ್ಲ, ನೇರ ಶಿಕ್ಷೆ. ಮಕ್ಕಳ ಮನಶ್ಶಾಸ್ತ್ರ ಓದಿದವರು ಇದು ತಪ್ಪು ಎನ್ನಬಹುದು. ನನಗೇನೋ ಹೊಸ್ತಿಲಿನ ಬಗ್ಗೆ ಅಂಥ ಕನಿಕರವಿಲ್ಲ. ಅದರ ಮೇಲೆ ನಾನೂ ಎಡವಿದ್ದೇನೆ.

ಆದರೆ ಲಸಿಕೆಯ ದಿನ ಆರೋಪಿಯ ಸ್ಥಾನದಲ್ಲಿ ನಿಲ್ಲುವುದು ಮರದ ಹೊಸ್ತಿಲಲ್ಲ. ಬಸ್ಸಿನಲ್ಲಿ ನಿಂತುಕೊಂಡು ಬಂದು, ನೀಲಿ ಡಬ್ಬಿಯಲ್ಲಿ ಐಸ್ ಪ್ಯಾಕ್ ಜೋಡಿಸಿ, ಬೆಳಿಗ್ಗೆಯಿಂದ ಸೂಜಿ ಹಿಡಿದು ಕೂತ ನರ್ಸಮ್ಮ.

ನಮ್ಮ ಮೈಸೂರಿನ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಗುರುವಾರ ಲಸಿಕೆ ವಾರ. ನನ್ನ ಮಗಳು ಬಾಣಂತನಕ್ಕೆ ಬಂದಿದ್ದಳು. ಸರ್ಕಾರದ ಲಸಿಕೆ ಪಟ್ಟಿ ಮಾಡಿದವರು ನಮ್ಮ ಬಾಣಂತನದ ಪದ್ಧತಿ ಕೇಳಿ ಮಾಡಿರಲಾರರು, ಆದರೆ ಲೆಕ್ಕ ಮಾತ್ರ ಸರಿಯಾಗಿ ಕೂಡುತ್ತದೆ. ಆರು, ಹತ್ತು, ಹದಿನಾಲ್ಕು ವಾರ ಎಂದು ಪುಸ್ತಕದಲ್ಲಿದೆ. ಆಶಾ ಕಾರ್ಯಕರ್ತೆಯ ಬಾಯಲ್ಲಿ ಅದು ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು. ಅಂದರೆ ಸೂಜಿಯ ಮೊದಲ ದೊಡ್ಡ ಸುತ್ತುಗಳೆಲ್ಲ ಬಹುಪಾಲು ತವರುಮನೆಯ ಪಾಲಿಗೇ ಬರುತ್ತವೆ. ಅಳುವ ಮಗುವನ್ನು ಹೊತ್ತು ತಿರುಗುವ ಭಾಗ್ಯ ತಾಯಿಯ ತಾಯಿಗೆ. ಚೀಲ, ಫ್ಲಾಸ್ಕು, ಛತ್ರಿ, ತಾಯಿ ಕಾರ್ಡು ಹಿಡಿದು ಹಿಂದೆ ನಡೆಯುವ ಭಾಗ್ಯ ತಾಯಿಯ ತಂದೆಗೆ. ಮಗುವಿನ ತಂದೆ ಬೆಂಗಳೂರಿನಲ್ಲಿ ಆಫೀಸಿನಿಂದಲೇ ವಿಡಿಯೊ ಕಾಲ್ ಮಾಡಿ, 'ಜಾಸ್ತಿ ಅತ್ನಾ?' ಎಂದು ಕೇಳುತ್ತಾನೆ. ಕೇಳುವಾಗ ಅವನ ಮುಖವೇ ಅಳುವಂತಿರುತ್ತದೆ.

ಚೀಲ ಹಿಡಿದು ನಿಂತವನಿಗೆ ಬೇರೆ ಕೆಲಸವಿರುವುದಿಲ್ಲ. ಹಾಗಾಗಿ ಜನ ಆಡುವ ಮಾತಿಗೆ ಕಿವಿ ಕೊಡುತ್ತಿದ್ದೆ. ಸಮಾಧಾನದ ಮಾತುಗಳಲ್ಲಿ ಎಷ್ಟು ಬಗೆ! ಕೆಲವರು 'ಆಯ್ತು ಆಯ್ತು ಆಯ್ತು' ಪಂಗಡ. ಸೂಜಿ ಇನ್ನೂ ಹೊದಿಕೆಯಿಂದ ಹೊರಗೇ ಬಂದಿರುವುದಿಲ್ಲ, ಆಗಲೇ ಆಯ್ತು ಎನ್ನುತ್ತಾರೆ. ಕೆಲವರು 'ಏನೂ ಇಲ್ಲ ಏನೂ ಇಲ್ಲ' ಪಂಗಡ. ತೊಡೆಗೆ ಚುಚ್ಚಿಸಿಕೊಂಡವನ ಮುಖಕ್ಕೆ ಮುಖವಿಟ್ಟು ಏನೂ ಇಲ್ಲ ಎನ್ನಲು ಧೈರ್ಯ ಬೇಕು. 'ಅಬ್ಬು ಆಯ್ತಾ ಕಂದಾ' ಎಂದು ತಾವೇ ಕಣ್ಣು ತುಂಬಿಕೊಳ್ಳುವ ಹೊಸ ತಾಯಂದಿರಿದ್ದಾರೆ. ಮಾತೇ ಬೇಡವೆಂದು ನಾಲಿಗೆ ಹೊರಳಿಸಿ 'ಲುಲುಲುಲು' ಎನ್ನುವ ಅಜ್ಜಿಯರಿದ್ದಾರೆ. ಮಗುವಿನ ಅಳು ಅಡಗುವಷ್ಟು ಜೋರು ದನಿ ಅವರದು. ಒಬ್ಬರು ತಾತ ಮೊಮ್ಮಗಳನ್ನು ಕಿಟಕಿಯ ಹತ್ತಿರ ಹಿಡಿದು, 'ಕಾಕ ನೋಡು, ಮರದ ಮೇಲೆ ಕಾಕ' ಎನ್ನುತ್ತಿದ್ದರು. ಆ ಮಗುವಿಗೆ ಒಂದೂವರೆ ತಿಂಗಳು. ಅಷ್ಟು ಎಳೆಯ ಕಣ್ಣಿಗೆ ಸರಿಯಾಗಿ ಕಾಣುವುದು ಅಡಿಯೊಂದಷ್ಟು ದೂರ, ಹಾಲು ಕುಡಿಯುವಾಗ ತಾಯಿಯ ಮುಖ ಇರುತ್ತದಲ್ಲ ಅಷ್ಟು. ಮರದ ಮೇಲಿನ ಕಾಗೆ ಅದರ ಪಾಲಿಗೆ ಇನ್ನೂ ಹುಟ್ಟಿಯೇ ಇಲ್ಲ. ಆದರೂ ಮಗು ಅಳು ನಿಲ್ಲಿಸಿತು. ಕಾಗೆಯನ್ನು ಕಂಡಿದ್ದಕ್ಕಲ್ಲ, ತಾತನ ಎದೆಗೆ ಒರಗಿದ್ದಕ್ಕೆ ಇರಬೇಕು. ತಾತ ಮಾತ್ರ ಎಲ್ಲರಿಗೂ ಕಾಗೆಯ ಮಹಿಮೆ ಹೇಳುತ್ತಿದ್ದರು.

ಈ ಎಲ್ಲ ಪಂಗಡದವರೂ ಕೊನೆಗೆ ಬಂದು ಸೇರುವುದು ಒಂದೇ ಕಡೆ. 'ಯಾರು ಚುಚ್ಚಿದ್ದು? ನರ್ಸಮ್ಮನಾ? ಹೊಡಿ ಅವಳಿಗೆ!' ನನ್ನ ಹೆಂಡತಿಯೂ ಹೊರತಲ್ಲ. ಕೂಸಿನ ಮುಷ್ಟಿಯನ್ನು ತನ್ನ ಕೈಯಲ್ಲಿ ಹಿಡಿದು ನರ್ಸಮ್ಮನ ತೋಳಿಗೆ ಎರಡು ಸಲ ಮುಟ್ಟಿಸಿದಳು. ನರ್ಸಮ್ಮ ಕಾರ್ಡಿನಲ್ಲಿ ಬರೆಯುತ್ತಿದ್ದವರು ತಲೆ ಎತ್ತದೆ, 'ಅಯ್ಯೋ ನೋವಾಯ್ತು, ಇನ್ನು ಚುಚ್ಚಲ್ಲ ಕಣಪ್ಪ' ಎಂದರು. ಆಮೇಲೆ ಅದೇ ಉಸಿರಿನಲ್ಲಿ ಮಗಳಿಗೆ, 'ಮುಂದಿನ ತಿಂಗಳು ಇದೇ ಟೈಮಿಗೆ ಬಾಮ್ಮಾ' ಎಂದರು.

ಆ ನರ್ಸಮ್ಮನ ಕೈಕೆಲಸ ನೋಡುತ್ತಾ ನಿಂತರೆ ಬೇಜಾರಾಗದು. ಮೊದಲು ಲಸಿಕೆಯ ಬಾಟಲಿ ಎತ್ತಿ ಕಣ್ಣಿನ ಹತ್ತಿರ ಹಿಡಿಯುತ್ತಿದ್ದರು. ಬಾಟಲಿಯ ಮೇಲೆ ಒಂದು ಬಣ್ಣದ ವೃತ್ತ, ಅದರೊಳಗೆ ತಿಳಿ ಬಣ್ಣದ ಚೌಕ. ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಚೌಕವೂ ವೃತ್ತವೂ ಒಂದೇ ಬಣ್ಣಕ್ಕೆ ಬಂದರೆ ಆ ಬಾಟಲಿ ಬಳಸುವಂತಿಲ್ಲ. ಸಿರಿಂಜೂ ಅಷ್ಟೆ, ಒಮ್ಮೆ ಒತ್ತಿದರೆ ಮುಗಿಯಿತು, ಮತ್ತೆ ಎಳೆಯಲು ಬರುವುದಿಲ್ಲ. ಮೊದಲು ಬಾಯಿಗೆ ಹಾಕುವ ಹನಿಗಳು, ಭೇದಿ ತಡೆಯುವ ರೋಟಾ, ಪೋಲಿಯೊ. ಆಮೇಲೆ ಬಲತೋಳಿಗೆ ಚರ್ಮದ ಪದರದೊಳಗೇ ಪೋಲಿಯೊದ ಪುಟ್ಟ ಸೂಜಿ. ಬಲತೊಡೆಗೆ ನ್ಯುಮೋನಿಯಾದ್ದು. ಕೊನೆಗೆ ಎಡತೊಡೆಗೆ ಪೆಂಟಾ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಮಿದುಳುಪೊರೆಯ ಊತ ತರುವ ಹಿಬ್ ಸೋಂಕು ಎಂದು ಐದು ರೋಗಕ್ಕೆ ಒಂದೇ ಸೂಜಿ. ಮಗು ನಿಜವಾಗಿ ಕಿರುಚುವುದು ಇದಕ್ಕೆ. ಜಾಸ್ತಿ ನೋಯುವ ಸೂಜಿ ಕೊನೆಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಮೊದಲೇ ಜೋರಾಗಿ ನೊಂದರೆ ಮಿಕ್ಕ ಸೂಜಿಗಳೆಲ್ಲ ಇನ್ನೂ ಜೋರಾಗಿ ನೋಯುತ್ತವಂತೆ. ಇದಕ್ಕೆ ಸಂಸ್ಥೆ ಬೇಕಿತ್ತೇ ಅನಿಸಬಹುದು. ಆದರೆ ನಾವು ಮನೆಯಲ್ಲಿ ಮಾಡುವುದು ಉಲ್ಟಾ ಅಲ್ವಾ, ಕಹಿ ಔಷಧಿಯನ್ನೇ ಮೊದಲು ಕುಡಿಸಿಬಿಡುತ್ತೇವೆ.

ಅದೇ ಸಂಸ್ಥೆ ಹೇಳಿದ ಇನ್ನೂ ಕೆಲವು ಮಾತುಗಳಿವೆ. ಮಗುವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಹಿಡಿಯಬೇಡಿ, ತಾಯಿಯ ತೋಳಲ್ಲಿ ಇರಲಿ. ಆಗುವುದಾದರೆ ಸೂಜಿಗೆ ಸ್ವಲ್ಪ ಮುಂಚೆ, ಚುಚ್ಚುವಾಗಲೂ ಎದೆಹಾಲು ಕುಡಿಯುತ್ತಿರಲಿ. ಚುಚ್ಚಿದ ಜಾಗ ಉಜ್ಜಬೇಡಿ. ನಮ್ಮ ನರ್ಸಮ್ಮನಿಗೆ ಈ ಪಾಠ ಕೈಗೇ ಬಂದಿತ್ತು. 'ಹಾಲು ಕೊಡ್ತಾ ಇರಮ್ಮಾ, ನಾಚ್ಕೋಬೇಡ' ಎಂದು ಮಗಳಿಗೆ ಹೇಳಿ, ಗಂಡಸರನ್ನೆಲ್ಲ ಕಣ್ಣಿನಲ್ಲೇ ಬಾಗಿಲಾಚೆ ಕಳಿಸಿಬಿಟ್ಟರು. ಹೊರಗೆ ನಿಂತ ನನಗೆ ಒಂದು ಚೀರು ಕೇಳಿಸಿತು. ಅದು ಮುಗಿಯುವ ಮೊದಲೇ ಯಾವುದರಿಂದಲೋ ಮುಚ್ಚಿದಂತೆ ಅರ್ಧಕ್ಕೆ ನಿಂತಿತು. ಹಾಲಿನ ಕೆಲಸ. ಮಿಕ್ಕ ನಾವೆಲ್ಲ ಮಾಡುವ ಲುಲುಲು, ಕಾಕ, ಗಿಲಕಿ ಇವೆಲ್ಲ ಅದರ ಮುಂದೆ ಬರೀ ಸಡಗರ.

ಉಜ್ಜಬೇಡಿ ಎಂದರೆ ಅಜ್ಜಿಯರಿಗೆ ಆಗುವ ಸಂಕಟ ಹೇಳತೀರದು. ಅವರ ಅಂಗೈ ಇರುವುದೇ ಉಜ್ಜಲು. ತಲೆಗೆ ಎಣ್ಣೆ, ಬೆನ್ನಿಗೆ ಎಣ್ಣೆ, ಕಾಲು ನೀವಿ ನೀರು ಹಾಕಿ ತಿಂಗಳುಗಟ್ಟಲೆ ಅಭ್ಯಾಸವಾದ ಕೈಯನ್ನು ಒಂದು ಕೆಂಪು ಚುಕ್ಕೆಯಿಂದ ದೂರ ಇಡಬೇಕು. ನನ್ನವಳ ಕೈ ಅಲ್ಲಿಗೆ ಹೋಗುವುದು, ಮಗಳು 'ಅಮ್ಮಾ!' ಎನ್ನುವುದು, ಕೈ ಹಿಂದೆ ಬರುವುದು. ಅರ್ಧ ಗಂಟೆ ಅಲ್ಲೇ ಕೂತಿರಿ ಎಂದಿದ್ದರು. ಲಸಿಕೆ ಒಗ್ಗದ ಅಪರೂಪದ ಮಕ್ಕಳಿಗೆ ತಕ್ಷಣ ಏನಾದರೂ ಆದರೆ ಡಾಕ್ಟರು ಹತ್ತಿರ ಇರಲಿ ಎಂದು ಈ ನಿಯಮ. ಆ ಅರ್ಧ ಗಂಟೆಯುದ್ದಕ್ಕೂ ಈ ಆಟ ನಡೆಯಿತು. ಪಕ್ಕದ ಬೆಂಚಿನ ಅಜ್ಜಿ ಬಿಸಿ ಶಾಖ ಕೊಡಿ ಅಂದರು. ಅವರ ಸೊಸೆ, ಬೇಡ, ತಣ್ಣೀರು ಬಟ್ಟೆ ಅಂದಳು. ಸೊಸೆಯ ಮಾತು ಸರಿಯಾಗಿತ್ತು. ಹಾಗಾಗಿ ಅಜ್ಜಿ ಮಾತು ಬದಲಿಸಿ ಅಕ್ಕಿಯ ರೇಟಿಗೆ ಹೋದರು.

ನಮ್ಮೂರಿಗೆ ಈ ಚುಚ್ಚುವ ವ್ಯವಹಾರ ಹೊಸದೇನಲ್ಲ. 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರ ಮೂವರು ಹೆಂಗಸರ ಚಿತ್ರ ಬರೆದ. ಬಹಳ ಕಾಲ ಅದನ್ನು ನರ್ತಕಿಯರ ಚಿತ್ರ ಎಂದೇ ತಿಳಿದಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಬೇರೆ ಮಾತು ಹೇಳಿದರು. ಇವರು ಮೈಸೂರು ಅರಮನೆಯವರು, ಒಬ್ಬಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ಅವಳು ಸೆರಗು ಸರಿಸಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನು ಎಂಬುದು ಅವರ ವಾದ. ಮದುವೆಯಾಗಿ ಬಂದಾಗ ಆಕೆಗೆ 12 ವರ್ಷವಂತೆ. ಲಸಿಕೆಗೆ ಅರಮನೆಯಲ್ಲಿ ಒತ್ತಾಸೆಯಾಗಿ ನಿಂತವರು ದೊರೆಯ ಅಜ್ಜಿ ಲಕ್ಷ್ಮಮ್ಮಣ್ಣಿ. ಅಲ್ಲೂ ಅಜ್ಜಿಯದೇ ಕಾರುಬಾರು ನೋಡಿ.

ಅದಕ್ಕೂ ಮುಂಚೆ, 1802ರ ಜೂನ್ 14ರಂದು, ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಲಸಿಕೆ ಹಾಕಿದರು. ಭಾರತದಲ್ಲಿ ಸಿಡುಬಿನ ಲಸಿಕೆ ಯಶಸ್ವಿಯಾಗಿ ಹಿಡಿದದ್ದು ಅವಳಿಗೇ ಮೊದಲು. ಆ ಕಾಲಕ್ಕೆ ಬಾಟಲಿಯೂ ಇಲ್ಲ, ಐಸ್ ಡಬ್ಬಿಯೂ ಇಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಅಂದರೆ ಒಂದು ಮಗು ಎರಡು ಸಲ ನೋಯಬೇಕು, ಒಮ್ಮೆ ತನಗಾಗಿ, ವಾರ ಕಳೆದು ಮತ್ತೊಮ್ಮೆ ಪಕ್ಕದವರ ಮಗುವಿಗಾಗಿ. ಅನ್ನಾಳ ವಿಚಾರ ನಮಗೆ ತಿಳಿದಿರುವುದು ಬಹಳ ಕಡಿಮೆ. ಆಕೆ ತುಂಬಾ ಒಳ್ಳೆಯ ಸ್ವಭಾವದ ಮಗು ಎಂದು ಲಸಿಕೆ ಹಾಕಿದ ವೈದ್ಯ ಬರೆದಿಟ್ಟಿದ್ದಾನೆ. ಓದಿದಾಗ ನನಗೆ ನಗು ಬಂತು. ವೈದ್ಯರ ಭಾಷೆಯಲ್ಲಿ ಒಳ್ಳೆಯ ಸ್ವಭಾವ ಎಂದರೆ ಜಾಸ್ತಿ ಅಳಲಿಲ್ಲ, ಕೈ ಕಿತ್ತುಕೊಳ್ಳಲಿಲ್ಲ ಎಂದಿರಬೇಕು. ಅವಳನ್ನು ಯಾರು ಎತ್ತಿಕೊಂಡಿದ್ದರು, ಏನೆಂದು ರಮಿಸಿದರು, ಯಾರಿಗೆ ಹೊಡಿ ಎಂದರು, ಅದನ್ನು ಯಾರೂ ಬರೆದಿಟ್ಟಂತೆ ಕಾಣೆ. ಸಮಾಧಾನ ಮಾಡಿದವರ ಹೆಸರು ಚರಿತ್ರೆಗೆ ಬೇಕಾಗುವುದಿಲ್ಲ.

ಮನೆಗೆ ಬಂದ ಮೇಲಿನದೇ ಬೇರೆ ಕಥೆ. ಪೆಂಟಾ ಹಾಕಿಸಿದ ರಾತ್ರಿ ಸಣ್ಣಗೆ ಜ್ವರ ಬರುವುದು ಮಾಮೂಲು. ಅದರಲ್ಲಿರುವ ನಾಯಿಕೆಮ್ಮಿನ ಭಾಗದ ಪ್ರತಾಪ ಅದು. ಇಡೀ ರೋಗಾಣುವನ್ನೇ ಕೊಂದು ಅದರೊಳಗೆ ಇಟ್ಟಿರುತ್ತಾರೆ. ದೇಹ ಅದನ್ನು ಕಂಡು ಎದ್ದು ಕೂರುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ 'ನೋವಿಲ್ಲದ ಇಂಜೆಕ್ಷನ್' ಎಂದು ಸಿಗುತ್ತದಲ್ಲ, ಅದರಲ್ಲಿ ರೋಗಾಣುವಿನ ಕೆಲವೇ ತುಣುಕುಗಳಿರುತ್ತವೆ. ಜ್ವರ, ಊತ ಕಡಿಮೆ. ದುಡ್ಡು ಜಾಸ್ತಿ. ಸೂಜಿ ಸೂಜಿಯೇ, ಚುಚ್ಚುವಾಗ ಮಗು ಅತ್ತೇ ಅಳುತ್ತದೆ. ನಾಯಿಕೆಮ್ಮಿನಿಂದ ಸಿಗುವ ರಕ್ಷಣೆ ಹಳೆಯ ಬಗೆಯದರಲ್ಲೇ ಹೆಚ್ಚು ಕಾಲ ಬಾಳುತ್ತದೆ. ಒಂದು ರಾತ್ರಿಯ ನಿದ್ದೆ ಉಳಿಸಲು ಅಷ್ಟು ಖರ್ಚು ಮಾಡಬೇಕೇ ಎಂದು ನಾನು ಕೇಳಿದ್ದಕ್ಕೆ ಅಳಿಯ ಸುಮ್ಮನಾದ. ನಿದ್ದೆ ಕೆಡುವುದು ನನ್ನದಲ್ಲ, ಹೆಂಗಸರದು ಎಂದು ಅವನು ನೆನಪಿಸಲಿಲ್ಲ. ದೊಡ್ಡ ಗುಣ.

ಜ್ವರದ ಔಷಧಿಯನ್ನು ಮೊದಲೇ ಹಾಕಿಬಿಡೋಣ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಹಾಗೆ ಮಾಡಬೇಡಿ ಎಂದಿದ್ದರು ನರ್ಸಮ್ಮ. ಜ್ವರ ಬರುವ ಮೊದಲೇ ಪ್ಯಾರಾಸಿಟಮಾಲ್ ಹಾಕಿದರೆ ಕೆಲವು ಲಸಿಕೆಗಳಿಗೆ ದೇಹ ತೋರಿಸುವ ಪ್ರತಿಕ್ರಿಯೆ ಸ್ವಲ್ಪ ತಗ್ಗುತ್ತದೆ ಎಂದು 2009ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ಜ್ವರ ಬಂದರೆ ಮಗುವಿನ ತೂಕ ನೋಡಿ ಅವರು ಹೇಳಿದಷ್ಟೇ ಹಾಕಬೇಕು. ಡ್ರಾಪ್ಸ್ ಬೇರೆ, ಸಿರಪ್ ಬೇರೆ, ಒಂದರ ಅಳತೆ ಇನ್ನೊಂದಕ್ಕೆ ಆಗದು. ಜೋರು ಜ್ವರ ಬಂದರೆ, ಫಿಟ್ಸ್ ಬಂದರೆ, ಮೂರು ಗಂಟೆ ಕಳೆದರೂ ಬಿಡದೆ ಅಳುತ್ತಿದ್ದರೆ ತಡಮಾಡದೆ ಕರೆದುಕೊಂಡು ಬನ್ನಿ. ಇದಿಷ್ಟನ್ನೂ ಅವರು ಪ್ರತಿಯೊಂದು ತಾಯಿಗೂ, ಒಂದು ಕಡೆಯಿಂದ ಏಟು ತಿನ್ನುತ್ತಲೇ, ಬೇಸರವಿಲ್ಲದೆ ಹೇಳುತ್ತಿದ್ದರು.

ರಾತ್ರಿ ಎಂಟರ ಹೊತ್ತಿಗೆ ನಮ್ಮ ಕೂಸು ಮೈ ಬೆಚ್ಚಗೆ ಮಾಡಿಕೊಂಡು ರಾಗ ಎಳೆಯತೊಡಗಿತು. ಎಡಗಾಲು ಮುಟ್ಟಿದರೆ ಸಾಕು, ರಾಗ ಮೇಲಕ್ಕೆ ಹೋಗುತ್ತಿತ್ತು. ಲಂಗೋಟಿ ಬದಲಿಸುವುದು ಅವತ್ತು ಬಾಂಬ್ ನಿಷ್ಕ್ರಿಯ ಮಾಡುವಷ್ಟು ನಾಜೂಕಿನ ಕೆಲಸ. ಔಷಧಿ ಆಯಿತು, ಹಾಲು ಆಯಿತು, ಹೆಗಲ ಮೇಲೆ ಹಾಕಿಕೊಂಡು ಹಜಾರದ ಉದ್ದಗಲ ಅಳೆದದ್ದೂ ಆಯಿತು. ಆಗ ನನ್ನವಳು ಉಪ್ಪು, ಮೆಣಸಿನಕಾಯಿ ತಂದಳು. ಮಗಳು ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ. 'ಆ ಕಣ್ಣು, ಈ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಬಂದೋರ ಕಣ್ಣು, ಹೋದೋರ ಕಣ್ಣು' ಎಂದು ನಿವಾಳಿಸತೊಡಗಿದಳು. ಕೇಳುತ್ತಾ ಕೇಳುತ್ತಾ ನನಗೆ ಅನಿಸಿತು, ಇದೂ ಆರೋಪಿಗಳ ಪಟ್ಟಿಯೇ. ಒಬ್ಬರನ್ನೂ ಬಿಡದ ಪಟ್ಟಿ. ಬೆಂಚಿನ ಪಕ್ಕ ಕೂತಿದ್ದ ಅಜ್ಜಿ, ಆಟೋದವರು, ಕೊನೆಗೆ 'ಆ ನರ್ಸಮ್ಮನ ಕಣ್ಣು' ಕೂಡ ಸೇರಿತು. ಪಾಪ, ಬೆಳಿಗ್ಗೆ ಅವರು ಸೂಜಿಯ ಕೇಸಿನಲ್ಲಿ ಒಳಗೆ ಹೋದವರು, ರಾತ್ರಿ ದೃಷ್ಟಿಯ ಕೇಸಿನಲ್ಲೂ ಸಿಕ್ಕಿಬಿದ್ದರು.

ಕೂಸುಗಳ ಮಟ್ಟಿಗೆ ಇದೆಲ್ಲ ತಮಾಷೆ. ಅವಕ್ಕೆ ನರ್ಸಮ್ಮ ಯಾರು, ಹೊಸ್ತಿಲು ಯಾವುದು ಗೊತ್ತಿಲ್ಲ. ಆದರೆ ಒಂದೂವರೆ ವರ್ಷದ ಬೂಸ್ಟರ್‌ಗೆ ಬರುವ ಮಕ್ಕಳನ್ನು ನೋಡಿದಾಗ ನನಗೆ ಅಷ್ಟು ನಗು ಬರಲಿಲ್ಲ. ಅವರಿಗೆ ಮಾತು ತಿಳಿಯುತ್ತದೆ. ಗೇಟಿನ ಹತ್ತಿರವೇ ಕಾಲು ಹೂಡಿ ನಿಲ್ಲುತ್ತಾರೆ. 'ಚಾಕ್ಲೇಟ್ ಕೊಡಿಸ್ತೀನಿ ಬಾ, ಚುಚ್ಚಿ ಇಲ್ಲ' ಎಂದು ಕರೆತಂದು, ಒಳಗೆ ಹಿಡಿದು ಚುಚ್ಚಿಸಿ, ಆಮೇಲೆ ಹೊಡಿ ಅವಳಿಗೆ ಎನ್ನುವುದು. ಸುಳ್ಳು ಹೇಳಿದ್ದು ಅಪ್ಪ, ಹಿಡಿದದ್ದು ಅಮ್ಮ, ಏಟು ನರ್ಸಮ್ಮನಿಗೆ! ಮನೆಯಲ್ಲಿ ಅನ್ನ ತಿನ್ನದಿದ್ದರೆ 'ನರ್ಸಮ್ಮನ್ನ ಕರೀತೀನಿ, ಸೂಜಿ ಹಾಕ್ತಾರೆ' ಎಂದು ಹೆದರಿಸುವುದೂ ಇವರೇ. ಗುಮ್ಮ ಇದ್ದನಲ್ಲ, ಅವನನ್ನೇ ಕರೆಯಬಾರದೇ? ಅವನಿಗಾದರೆ ಸಂಬಳವಿಲ್ಲ, ಗುರುವಾರದ ಡ್ಯೂಟಿಯೂ ಇಲ್ಲ. ಅವತ್ತು ಒಬ್ಬ ತಾಯಿ ಮಾತ್ರ ಮಗನಿಗೆ, 'ಚುಚ್ತಾರೆ, ನೋವಾಗುತ್ತೆ, ನಾನು ಹಿಡ್ಕೊಂಡಿರ್ತೀನಿ' ಎಂದಳು. ಹುಡುಗ ಎಲ್ಲರಷ್ಟೇ ಜೋರಾಗಿ ಅತ್ತ. ಆದರೆ ಹೊರಗೆ ಬಂದು ನರ್ಸಮ್ಮನಿಗೆ ಟಾಟಾ ಮಾಡಿದ.

ನಮ್ಮ ಮೊಮ್ಮಗನ ಒಂಬತ್ತು ತಿಂಗಳ ಲಸಿಕೆ ಬೀಗರ ಊರಿನಲ್ಲಿ. ದಡಾರ-ರುಬೆಲ್ಲಾದ್ದು, ಜತೆಗೆ ಬಾಯಿಗೆ ವಿಟಮಿನ್ ಎ. ಹಿಂದಿನ ಸಂಜೆ ನನ್ನವಳು ಬೀಗಿತ್ತಿಗೆ ಫೋನ್ ಮಾಡಿ ಪಾಠ ಒಪ್ಪಿಸಿದಳು. ಉಜ್ಜಬೇಡಿ, ಶಾಖ ಕೊಡಬೇಡಿ, ಹಾಲು ಕೊಡ್ತಾ ಇರಲಿ, ಅರ್ಧ ಗಂಟೆ ಕೂತು ಬನ್ನಿ. ತಾನು ಮೊದಲಿನಿಂದಲೂ ಹೀಗೇ ಮಾಡುತ್ತಿದ್ದವಳ ಹಾಗೆ ದನಿ. ಆ ಕಡೆಯಿಂದ ಎಲ್ಲದಕ್ಕೂ ಹೂಂ ಎಂಬ ಉತ್ತರ ಬಂತು. ಕೊನೆಗೆ, 'ಜಾಸ್ತಿ ಅತ್ತರೆ ನರ್ಸಮ್ಮನಿಗೆ ಎರಡೇಟು ಕೊಡಿಸಿ, ಸುಮ್ಮನಾಗ್ತಾನೆ' ಎಂದಳು.

'ಅಯ್ಯೋ, ನಮ್ಮೂರ ನರ್ಸಮ್ಮ ಭಾರಿ ಜೋರು ಕಣ್ರೀ' ಎಂದರು ಬೀಗಿತ್ತಿ. 'ಹೊಡೆಸ್ಕೊಳ್ಳೋ ಪೈಕಿ ಅಲ್ಲ.'

ನನ್ನವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. 'ಮತ್ತೆ ಅಲ್ಲಿ ಮಕ್ಕಳು ಹೇಗ್ರೀ ಸುಮ್ಮನಾಗ್ತವೆ?'